ಪಾಯಾ ತೋಡದ ಊರು

ನಾನು ಶಾಲೆ ಬಿಟ್ಟದ್ದು ೧೯೮೭ರ ಬೇಸಿಗೆಯಲ್ಲಿ, ಎಂಟನೆಯ ಇಯತ್ತೆ ಪಾಸಾದ ಮೇಲೆ. ಪಾಸಾದ ಮೇಲೆ ಎಂಬುದನ್ನು ಒತ್ತಿ ಹೇಳುತ್ತೇನೆ. ಶಾಲೆ ಬಿಟ್ಟವನೆಂದರೆ ದಡ್ಡನಿರಬೇಕು, ಇಲ್ಲವೇ ಪುಂಡನಿರಬೇಕು ಎಂದು ಜನ ತಿಳಿಯುತ್ತಾರೆ. ನಾನು ಎರಡೂ ಆಗಿರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಮನೆಯನ್ನು ಕಲ್ಲು ಕಲ್ಲಾಗಿ ಬಿಚ್ಚುವುದಿತ್ತು. ಅದಕ್ಕೆ ಕೈಗಳು ಬೇಕಾಗಿದ್ದವು. ಅಪ್ಪನವು ಬಿಟ್ಟರೆ ಮನೆಯಲ್ಲಿದ್ದ ಗಂಡಸಿನ ಕೈಗಳು ನನ್ನವೇ. ಮಳೆ ಹಿಡಿದ ಮೇಲೆ ಮತ್ತೆ ಶಾಲೆಗೆ ಕಳಿಸುತ್ತೇನೆಂದು ಅಪ್ಪ ಹೇಳಿದ. ಸುಳ್ಳು ಹೇಳಲಿಲ್ಲ, ಹಾಗೇ ಆಗುತ್ತದೆಂದು ಅವನೂ ನಂಬಿದ್ದ.

ಮನೆ ಯಾಕೆ ಬಿಚ್ಚಬೇಕಾಯಿತು ಎನ್ನುವುದಕ್ಕೆ ಮೊದಲು ಊರು ಎಂಥದು ಎಂದು ಹೇಳಬೇಕು. ನಮ್ಮೂರು ಕರಿಗುಂಟಾ. ಶಹಾಬಾದ ಬಿಟ್ಟು ಚಿತ್ತಾಪುರದ ಕಡೆ ಬರುವಾಗ ಕಾಗಿಣಾ ಹೊಳೆ ಒಂದು ಕಡೆ ಮೊಣಕೈ ಮಡಚಿದ ಹಾಗೆ ತಿರುಗುತ್ತದೆ. ಆ ಮಡಚಿನೊಳಗೆ ಇತ್ತು. ಹೊಳೆಯ ಆಚೆ ದಂಡೆಯಲ್ಲಿ ಎರೆಭೂಮಿ, ಆಳು ಇಳಿದರೂ ಮುಗಿಯದಷ್ಟು ಕರಿಮಣ್ಣು. ಈಚೆ ದಂಡೆಯ ನಮ್ಮಲ್ಲಿ ಮಣ್ಣು ಒಂದು ಗೇಣು. ಗೇಣು ಕೆದರಿದರೆ ಕಲ್ಲು. ಅದೂ ಗುಂಡುಗಲ್ಲಲ್ಲ, ಹಾಸುಗಲ್ಲು, ಬುಟ್ಟಿಯೊಳಗೆ ರೊಟ್ಟಿ ಒಟ್ಟಿದ ಹಾಗೆ ಪದರದ ಮೇಲೆ ಪದರ. ಮೇಲಿನದು ಬಿಸಿಲಿಗೆ ಸೀಳಿದ ಚಕ್ಕೆ, ಅದರ ಕೆಳಗೆ ಮಾಳಿಗೆಗೆ ಹೊದಿಸುವ ತೆಳುವಾದ ಕಲ್ಲು, ಅದರ ಕೆಳಗೆ ನೆಲಕ್ಕೆ ಹಾಸುವ ಬೂದು ಪರಸಿ, ಎಲ್ಲಕ್ಕೂ ಕೆಳಗೆ ನೀಲಿ. ಬೇವಿನ ಗಿಡಗಳ ಬೇರು ಕೆಳಗೆ ಇಳಿಯಲಾರದೆ ಬದಿಗೆ ಹರಡಿರುತ್ತಿದ್ದವು; ಜೋರು ಗಾಳಿ ಬಂದರೆ ಗಿಡ ಮುರಿಯುತ್ತಿರಲಿಲ್ಲ, ತಟ್ಟೆಯಂಥ ಬೇರಿನ ಸಮೇತ ಮಲಗಿಬಿಡುತ್ತಿತ್ತು. ಊರಲ್ಲಿ ಯಾರಾದರೂ ಸತ್ತರೆ ಹೂಳಲು ಮಣ್ಣಿರಲಿಲ್ಲ. ಹೆಣವನ್ನು ಹರಿಗೋಲಿನಲ್ಲಿ ಆಚೆ ದಂಡೆಗೆ ಒಯ್ಯುತ್ತಿದ್ದರು. ನಾವು ಅಂಬಿಗರು; ಹೊಳೆ ದಾಟಿಸುವುದು ನಮ್ಮ ಮನೆಯ ಹಿಂದಿನ ಕಸುಬು. ಮೇಲ್ಗಡೆ ಪೂಲು, ಎಂದರೆ ಸೇತುವೆ, ಆದ ಮೇಲೆ ಜೀವಂತ ಇದ್ದವರು ಹರಿಗೋಲು ಬಿಟ್ಟರು, ಸತ್ತವರು ಮಾತ್ರ ಉಳಿದರು. ಆದ್ದರಿಂದ ನಮ್ಮ ಅಜ್ಜ ಹುಟ್ಟು ಬಿಟ್ಟು ಹಾರಿ ಹಿಡಿದ. ಹಾರಿ ಎಂದರೆ ಕಲ್ಲು ಮೀಟುವ ಉದ್ದನೆಯ ಕಬ್ಬಿಣ. ಊರಿನ ಚರಿತ್ರೆ ಎಂದು ನನಗೆ ಗೊತ್ತಿರುವುದು ಇಷ್ಟೇ: ಮೊದಲು ಹೊಳೆಯ ಮಂದಿ ಬಂದರು, ಆಮೇಲೆ ಎಮ್ಮೆಯ ಮಂದಿ, ಆಮೇಲೆ ತಾಂಡೂರಿನ ಕಡೆಯಿಂದ ತೆಲುಗು ಮಾತಾಡುತ್ತ ಕಲ್ಲಿನ ಮಂದಿ. ಕೊನೆಗೆ ಎಲ್ಲರೂ ಕಲ್ಲಿನ ಮಂದಿಯೇ ಆದರು.

ನಮ್ಮ ಮನೆಯಲ್ಲಿ ಕಲ್ಲಲ್ಲದ್ದು ಏನಿತ್ತು ಎಂದು ನೆನಪಿಸಿಕೊಳ್ಳುವುದೇ ಸುಲಭ: ಬಾಗಿಲು, ನೆಲುವು, ಮಡಿಕೆಗಳು, ಹಾಸಿಗೆ. ಉಳಿದದ್ದೆಲ್ಲ ಕಲ್ಲು. ಗೋಡೆ ಸುಣ್ಣ ಗಾರೆ ಇಲ್ಲದೆ ಒಣಗಲ್ಲು ಒಟ್ಟಿದ್ದು. ಮಾಳಿಗೆ ಉದ್ದನೆಯ ಪರಸಿ. ಅಂಗಳದ ಬೇಲಿ ಸಾಲಾಗಿ ನಿಲ್ಲಿಸಿದ ಪರಸಿ. ಅವ್ವನ ಪಾತ್ರೆಯ ಮಾಡ, ಎಮ್ಮೆಯ ಬಾನಿ, ನಾನೂ ತಂಗಿ ನಿಂಗಿಯೂ ಕುಳಿತು ಉಣ್ಣುತ್ತಿದ್ದ ಕಟ್ಟೆ, ಎಲ್ಲವೂ ಅದೇ. ಮುಂದೆ ಪಡಸಾಲೆ, ಅದರ ಎಡಕ್ಕೆ ಎಮ್ಮೆ ಕಟ್ಟುವ ಜಾಗ, ಒಳಗೆ ಅಡುಗೆಮನೆ, ಅಡುಗೆಮನೆಗೆ ಹೊಂದಿ ಬಚ್ಚಲು, ಓಣಿಯ ಕಡೆಯ ಮೂಲೆಯಲ್ಲಿ ದೇವರ ಜಗಲಿ. ಜಗಲಿಯ ಮೇಲೆ ಗಂಗಮ್ಮನ ಹಿತ್ತಾಳೆಯ ಮುಖ, ಅದರ ಕೆಳಗೆ ಅಪ್ಪನ ತಾಯಿ, ನಮ್ಮ ಆಯಿ, ಹಗಲೆಲ್ಲ ಕುಳಿತಿರುತ್ತಿದ್ದಳು. ಬೇಸಿಗೆಯಲ್ಲಿ ಆ ಮನೆ ಕಾದ ಹಂಚು. ಸಂಜೆ ನಾವು ಮಾಳಿಗೆಯ ಮೇಲೆ ಹತ್ತಿ ಕೊಡ ಕೊಡ ನೀರು ಸುರಿಯುತ್ತಿದ್ದೆವು; ಕಲ್ಲು ಉಸ್ಸೆನ್ನುತ್ತಿತ್ತು, ಕಾದ ವಾಸನೆ ಏಳುತ್ತಿತ್ತು. ಆಮೇಲೆ ಅಲ್ಲೇ ಮೇಲೆ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಹೊಳೆಯಲ್ಲಿ ಮೀನು ಸಿಕ್ಕ ದಿನ ಆಯಿ ತಾನೇ ಒಲೆ ಮುಂದೆ ಕೂರುತ್ತಿದ್ದಳು, ಅವ್ವನಿಗೆ ಮುಟ್ಟಗೊಡುತ್ತಿರಲಿಲ್ಲ.

“ಎರಿ ಮಂದಿಗೆ ಮೀನ ತಿಳೀತದೇನು? ನಿಮ್ಮ ಆಡಕ್ಯಾಗ ತೊಗರಿ ಬೇಯಿಸು ಅಂದ್ರ ಬೇಯಿಸ್ತೀರಿ.”

“ಹೌದತ್ತೀ, ನಾವು ಬೇಯಿಸ್ತೀವಿ, ನೀವು ಉಣ್ತೀರಿ. ನಿನ್ನಿ ಬ್ಯಾಳಿ ಎರಡ ಸಲ ನೀಡಿಸ್ಕೊಂಡೋರು ಯಾರು?”

ಅವ್ವ ಸೇಡಂ ಸೀಮೆಯ ಆಡಕಿಯವಳು, ಹೊಲದ ಮನೆಯಿಂದ ಬಂದವಳು. ಅತ್ತೆ ಸೊಸೆಯ ಈ ಜಗಳ ದಿನವೂ ಇತ್ತು, ದಿನವೂ ಮುಗಿಯುತ್ತಿತ್ತು. ಮನೆ ಎಂದರೆ ನನ್ನ ಕಿವಿಯಲ್ಲಿ ಈಗಲೂ ಇದೇ.

ಮನೆಯ ಹಿಂದೆ ಅಪ್ಪನ ಕಲ್ಲಿನ ಖಣಿ. ಅಜ್ಜನ ಕಾಲದಲ್ಲಿ ಅದು ಹಿತ್ತಲಿನ ತುದಿಯಲ್ಲಿತ್ತಂತೆ. ನನಗೆ ಬುದ್ಧಿ ಬರುವಷ್ಟರಲ್ಲಿ ಹಿತ್ತಲು ಇರಲಿಲ್ಲ. ಬಚ್ಚಲ ಗೋಡೆಯಿಂದ ಹೆಜ್ಜೆ ಇಟ್ಟರೆ ಖಣಿಯ ಅಂಚು. ಎಡಕ್ಕೂ ಬಲಕ್ಕೂ ನೆರೆಯವರ ಖಣಿಗಳು ಬಂದು ನಿಂತಿದ್ದವು. ಮೂರೂ ದಿಕ್ಕು ತಗ್ಗು, ನಡುವೆ ನಮ್ಮ ಮನೆ, ಮುಂದೆ ಓಣಿ. ಊರಿನ ಹುಡುಗರು ನಮ್ಮನ್ನು ಖಿಲ್ಲಾದ ಮಂದಿ ಎಂದು ಕಾಡುತ್ತಿದ್ದರು. ಅಪ್ಪನ ಖಣಿಯಲ್ಲಿ ಕಲ್ಲು ಮುಗಿದದ್ದು ಆ ವರ್ಷ. ಉಳಿದದ್ದು ಮನೆ ಕೂತ ಜಾಗದ ಕೆಳಗಿನದು ಮಾತ್ರ. ಬೇರೆಯವರಾದರೆ ಶಹಾಬಾದದ ಕಲ್ಲಿನ ಅಂಗಳಕ್ಕೋ ಸಿಮೆಂಟು ಕಾರ್ಖಾನೆಯ ಗೇಟಿಗೋ ಹೋಗಿ ನಿಲ್ಲುತ್ತಿದ್ದರು. ಅಪ್ಪ ಅಂಥವನಲ್ಲ. “ಮಂದಿ ಕೈಯಾಗ ದುಡದ್ರ ಮಂದಿ ಶೀಟಿ ಹೊಡದಾಗ ಉಣಬೇಕು” ಎನ್ನುತ್ತಿದ್ದ. ಅವನ ಹೆಸರು ಸಾಬಣ್ಣ. ಗಟ್ಟಿ ಮನುಷ್ಯ, ಕಡಿಮೆ ಮಾತು. ಒಮ್ಮೆ ಆಡಿದರೆ ಅದು ಆಗಿಯೇ ಹೋಯಿತು.

ಯುಗಾದಿ ಮುಗಿದಿತ್ತು. ಉಣ್ಣುತ್ತ ಕುಳಿತಾಗ ಹೇಳಿದ.

“ಮನಿ ಬಿಚ್ಚೂಣು.”

ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. “ಏನಂದ್ರಿ?”

“ಕೆಳಗ ನೀಲಿ ಅದ. ಊರಾಗೇ ಅಂಥದ್ದು ಇಲ್ಲ. ಮನಿ ಬಿಚ್ಚಿ ಓಣ್ಯಾಗ ಒಟ್ಟೂಣು, ಕಲ್ಲು ಎಬ್ಬಸೂಣು, ತಗ್ಗು ತುಂಬೂಣು. ಮಿರಗಿನ ಮಳಿ ಬರೂದ್ರಾಗ ಇದೇ ಮನಿ ಇದೇ ಜಾಗದಾಗ ನಿಂದರ್ತದ.”

“ಮನಿ ಅಂದ್ರ ಅಂಗಿ ಏನ್ರಿ, ಬಿಚ್ಚಿ ಒಗದು ಮತ್ತ ತೊಟ್ಕೊಳ್ಳಾಕ?”

“ಒಣಗಲ್ಲಿನ ಮನಿ. ನಮ್ಮಪ್ಪ ಒಟ್ಯಾನ, ನಾ ಬಿಚ್ತೀನಿ. ನಾಳಿ ನಾನೇ ಒಟ್ತೀನಿ.”

ಜಗಲಿಯ ಕಡೆಯಿಂದ ಆಯಿ ಕೇಳಿದಳು: “ಗಂಗವ್ವ ಎಲ್ಲಿ ಹೋಗ್ತಾಳಲೇ ಸಾಬ್ಯಾ?”

ಅಪ್ಪ ಇನ್ನೊಂದು ರೊಟ್ಟಿ ಮುರಿದ.

“ಹಾಳಾದವ್ನ, ಕೇಳಾಕತ್ತೀನಿ. ಜಗಲಿ ಕೆಳಗಿನ ಕಲ್ಲ ಮುಟ್ಟೋಹಂಗಿಲ್ಲ. ಯಾವ ಖಣ್ಯಾಗೂ ತಾಯಿಕಲ್ಲ ಮುಟ್ಟಿಲ್ಲ ನೀವು. ಮನ್ಯಾಗಿನ ತಾಯಿನ್ನ ಮುಟ್ತೀಯೇನು?”

ನಮ್ಮೂರಿನ ಪದ್ಧತಿ ಅದು. ಯಾವ ಖಣಿಯಾದರೂ ನಡುವೆ ಒಂದು ಕಡೆ ಕಂಬದಂತೆ ಕಲ್ಲು ಉಳಿಸುತ್ತಿದ್ದರು. ಸುತ್ತ ಎಲ್ಲ ಎಬ್ಬಿಸಿದರೂ ಅದನ್ನು ಎಬ್ಬಿಸುತ್ತಿರಲಿಲ್ಲ. ಅರಿಶಿನ ಕುಂಕುಮ ಹಚ್ಚಿ, ಅಮಾವಾಸ್ಯೆಗೆ ಕಾಯಿ ಒಡೆಯುತ್ತಿದ್ದರು. ಅದು ತಾಯಿಕಲ್ಲು. ಅಪ್ಪನಂಥ ಅಪ್ಪನೂ ಅದಕ್ಕೆ ಹಾರಿ ತಾಗಿಸಿದವನಲ್ಲ. ಅವನು ತಾಟಿನಲ್ಲಿ ಕೈ ತೊಳೆದ.

“ಆತು ಯವ್ವಾ. ಜಗಲಿ ಮೂಲಿ ಬಿಡ್ತೀನಿ. ಅದರ ಕೆಳಗಿಂದು ಮುಟ್ಟಂಗಿಲ್ಲ.”

ಆಯಿ ಗೆದ್ದಳು, ಅಪ್ಪನೂ ಗೆದ್ದ. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ರೊಟ್ಟಿ ಹೊತ್ತಿತು, ನಮಗೆ ಹಾಕದೆ ತಾನೇ ತಿಂದಳು.

ಮಾಸ್ತರರು ಒಂದು ದಿನ ಬಂದರು. ಅಷ್ಟರಲ್ಲಿ ಮಾಳಿಗೆ ಇಳಿಸಿ ಆಗಿತ್ತು. ಗೋಡೆಗಳ ಮೇಲೆ ಬರೀ ಆಕಾಶ. ಕುಳಿತುಕೊಳ್ಳಿ ಎನ್ನಲು ಪಡಸಾಲೆ ಇರಲಿಲ್ಲ. ಅವರು ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತೇ ಹೇಳಿದರು.

“ಸಾಬಣ್ಣ, ಹುಡುಗ ಶಾಣ್ಯಾ ಇದ್ದಾನ. ಒಂಬತ್ತಕ್ಕ ಚಿತ್ತಾಪುರಕ್ಕ ಹಾಕಬೇಕು.”

“ಹಾಕ್ತೀನ್ರಿ ಮಾಸ್ತರ. ಮನಿ ನಿಂತ್ಕೂಡ್ಲೇ ಹಾಕ್ತೀನಿ. ಈಗ ಅಂವ ಬರೀಲಿಕತ್ಯಾನ ನೋಡ್ರಿ.”

ಬರೆಯುತ್ತಿದ್ದದ್ದು ನಿಜ. ಬಿಚ್ಚಿದ ಕಲ್ಲು ಬಿಚ್ಚಿದ ಜಾಗಕ್ಕೇ ಹೋಗಬೇಕಲ್ಲ. ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬ. ಕೆಮ್ಮಣ್ಣು ಕಲಸಿ ಬೇವಿನ ಕಡ್ಡಿಯಿಂದ ಪ್ರತಿ ಕಲ್ಲಿಗೂ ಗುರುತು ಹಾಕಿದೆ. ಪಡಸಾಲೆಯದಕ್ಕೆ ಪ, ಅಡುಗೆಮನೆಯದಕ್ಕೆ ಅ, ಬಚ್ಚಲಿನದಕ್ಕೆ ಬ. ಅಕ್ಷರದ ಮುಂದೆ ಸಾಲು, ಸಾಲಿನ ಮುಂದೆ ಕ್ರಮ. ಎಂಟು ವರ್ಷದ ನನ್ನ ವಿದ್ಯೆಯೆಲ್ಲ ನಮ್ಮ ಮನೆಯ ಗೋಡೆಗಳ ಮೇಲೆ ಖರ್ಚಾಯಿತು. ಅಪ್ಪನ ಗೆಳೆಯ ಖಾಜಾಸಾಬ ಕಲ್ಲು ಹೊರುತ್ತ ನಗುತ್ತಿದ್ದ.

“ಅರೆ ಭೀಮ್ಯಾ, ಚಲೋ ಬರಿಯಪ್ಪ. ಅಡಗಿ ಮನಿ ಕಲ್ಲ ಬಚ್ಚಲಕ್ಕ ಹಾಕಿದ್ರ ನಿಮ್ಮವ್ವ ನನ್ನ ತಲಿ ಮ್ಯಾಲ ನೀರ ಸುರೀತಾಳ.”

ಆ ಬೇಸಿಗೆಯಷ್ಟು ಅಪ್ಪ ಖುಷಿಯಾಗಿದ್ದದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ನಾವು ಓಣಿಯಲ್ಲಿ ಪರಸಿಗಳನ್ನು ಒಂದಕ್ಕೊಂದು ಆನಿಸಿ ಗುಡಿಸಲು ಮಾಡಿಕೊಂಡಿದ್ದೆವು. ಗಾಳಿಗೆ ಒಲೆಯ ಬೂದಿ ರೊಟ್ಟಿಯ ಮೇಲೆ ಬೀಳುತ್ತಿತ್ತು. ಅವ್ವ ಕೊಡವಿ ಕೊಡವಿ ಕೊಡುತ್ತಿದ್ದಳು. ಮನೆ ಇದ್ದ ಜಾಗ ದಿನದಿನಕ್ಕೆ ಇಳಿಯಿತು. ಚಕ್ಕೆ ಹೋಯಿತು, ಬೂದು ಹೋಯಿತು, ನೀಲಿ ಬಂತು. ಅಪ್ಪ ಹಾರಿಯ ತುದಿ ಸಂದಿಗೆ ಇಟ್ಟು, ಎದೆಯಿಂದ ಒತ್ತಿ, ಕಿವಿಗೊಟ್ಟು ನಿಲ್ಲುತ್ತಿದ್ದ. ಕಲ್ಲು ಒಮ್ಮೆ ಕೆಮ್ಮಿದ ಹಾಗೆ ಸದ್ದು ಮಾಡಿ ಏಳುತ್ತಿತ್ತು, ಬಾಗಿಲಿನಷ್ಟು ಅಗಲ, ನೀರು ಹಚ್ಚಿದರೆ ಮೋಡದ ಬಣ್ಣ. ತಗ್ಗಿನ ಒಂದು ಮೂಲೆಯಲ್ಲಿ, ಓಣಿಗೆ ಹೊಂದಿಕೊಂಡು, ದೇವರ ಜಗಲಿ ಮಾತ್ರ ತನ್ನ ಕಲ್ಲಿನ ಮೇಲೆ ನಿಂತಿತ್ತು, ಅರ್ಧ ಗೋಡೆ, ಮೇಲೆ ಒಂದೇ ಪರಸಿಯ ಮಾಳಿಗೆ. ಆಯಿ ಎಂದಿನಂತೆ ಬೆಳಿಗ್ಗೆ ಅಲ್ಲಿ ದೀಪ ಹಚ್ಚಿ, ತಗ್ಗಿನಲ್ಲಿ ಬೆವರುತ್ತಿದ್ದ ನಮ್ಮನ್ನು ಮೇಲಿನಿಂದ ನೋಡುತ್ತ ಕೂರುತ್ತಿದ್ದಳು.

ಕಲ್ಲು ಮುಗಿದ ಮೇಲೆ ತುಂಬುವ ಕೆಲಸ. ಖಣಿಯ ಸುತ್ತ ಗುಡ್ಡೆ ಬಿದ್ದಿದ್ದ ಚೂರು, ಚಕ್ಕೆ, ಕಲ್ಲಿನ ಪುಡಿ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ತಗ್ಗಿಗೆ ಸುರಿದೆವು. ಎಮ್ಮೆಯನ್ನು ಅದರ ಮೇಲೆ ಸುತ್ತಿಸಿದೆವು. ನಿಂಗಿ ಕುಣಿದಳು, ನಾನು ಕುಣಿದೆ, ಖಾಜಾಸಾಬ ಪಂಚೆ ಎತ್ತಿ ಕಟ್ಟಿ ಕುಣಿದ. ನೆಲ ಮಟ್ಟವಾಯಿತು. ಅಪ್ಪ ಮೊದಲ ಸಾಲು ಇಡಲು ಕಲ್ಲು ಎತ್ತಿದ. ಆಗ ಅವ್ವ, ತಲೆಯ ಮೇಲಿನ ಬುಟ್ಟಿ ಇಳಿಸದೆಯೇ, ಹೇಳಿದಳು.

“ಪಾಯಾ ತೋಡಂಗಿಲ್ಲೇನ್ರಿ?”

“ಯಾಕ?”

“ನಮ್ಮ ಕಡಿ ಆಳಷ್ಟು ತೋಡ್ತಾರ. ಇದು ಈಗ ಮಣ್ಣಾಯ್ತಲ್ಲ.”

“ನಿಮ್ದು ಎರಿ ಊರು, ತೋಡ್ತೀರಿ. ಇಲ್ಲಿ ಯಾರ ತೋಡ್ಯಾರ? ಕಲ್ಲಿನ ಮ್ಯಾಲ ಕಲ್ಲ ಹಾಕೀವಿ, ಎಲ್ಲಿ ಹೋಗ್ತದ?”

ಖಾಜಾಸಾಬನೂ ಹೌದೆಂದ. ಓಣಿಯಲ್ಲಿ ನಿಂತು ನೋಡುತ್ತಿದ್ದವರೂ ಹೌದೆಂದರು. ಅವರಲ್ಲಿ ಯಾರೂ ದಡ್ಡರಲ್ಲ. ಕಲ್ಲನ್ನು ಬೆರಳಿನಿಂದ ತಟ್ಟಿ ಒಳಗಿನ ಬಿರುಕು ಹೇಳಬಲ್ಲವರು. ಆದರೆ ಕರಿಗುಂಟಾದಲ್ಲಿ ಯಾವ ಮನೆಗೂ ಪಾಯಾ ಇರಲಿಲ್ಲ, ಬೇಕಾಗಿರಲಿಲ್ಲ. ಗೇಣು ಮಣ್ಣು ಕೆದರಿ ಬಂಡೆಯ ಮೇಲೆ ಗೋಡೆ ಎಬ್ಬಿಸಿದರೆ ತಲೆತಲಾಂತರ ನಿಲ್ಲುತ್ತಿತ್ತು. ನೆಲ ಎಂದರೆ ಗಟ್ಟಿ ಎಂದೇ ಅವರು ಹುಟ್ಟಿನಿಂದ ತಿಳಿದಿದ್ದರು. ತಾವೇ ಆ ಗಟ್ಟಿಯನ್ನು ತೆಗೆದು ಮಾರಿ, ಅಲ್ಲಿ ಪುಡಿ ತುಂಬಿದ್ದು ಕಣ್ಣೆದುರೇ ಇದ್ದರೂ ಕಾಲಿಗೆ ಹೊಳೆಯಲಿಲ್ಲ. ಅವ್ವ ಬುಟ್ಟಿ ಸುರಿದು ಮತ್ತೊಂದು ತರಲು ಹೋದಳು.

ಮನೆ ನಿಂತಿತು. ನನ್ನ ಗುರುತು ಒಂದೂ ತಪ್ಪಿರಲಿಲ್ಲ. ಉತ್ತರದಿಂದ ಬಂದ ಗೋಡೆ ಹಳೆಯ ಜಗಲಿಯ ಗೋಡೆಗೆ ಬೆರಳಿಗೆ ಬೆರಳು ಹೆಣೆದ ಹಾಗೆ ಕೂಡಿಕೊಂಡಿತು. ಮಿರಗಿನ, ಎಂದರೆ ಮೃಗಶಿರೆಯ, ಮೋಡ ಬಂದಿತ್ತು, ಮಳೆ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಮಾಳಿಗೆ ಏರಿಸಿಬಿಟ್ಟೆವು. ಒಳಗೆ ಹೊಕ್ಕ ದಿನ ಅವ್ವ ಹೋಳಿಗೆ ಮಾಡಿದಳು. ಖಾಜಾಸಾಬನ ಹೆಂಡತಿ ಮಕ್ಕಳಿಗೆ ಕಟ್ಟಿ ಕಳಿಸಿದಳು. ಅಪ್ಪ ತಲೆಗೆ ಹೊಸ ಪಟಗ ಸುತ್ತಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ಬಂದವರಿಗೆಲ್ಲ ಅದೇ ಮಾತು ಹೇಳಿದ: “ನೋಡ್ರಿ, ಮನಿ ಎಲ್ಲೀ ಹೋಗಿಲ್ಲ.” ನನ್ನನ್ನು ಚಿತ್ತಾಪುರಕ್ಕೆ ಹಾಕುವ ಮಾತನ್ನೂ ತಾನೇ ಎತ್ತಿದ. ಹೊಸ ಅಂಗಿಗೆ ಅಳತೆಯನ್ನೂ ಕೊಟ್ಟೆ.

ಮಳೆ ಹಿಡಿದು ಎಷ್ಟೋ ದಿನದ ಮೇಲೆ, ಆಷಾಢದಲ್ಲಿ, ಅವ್ವ ಬಚ್ಚಲಲ್ಲಿ ನೀರು ಚೆಲ್ಲಿದವಳು ಹಾಗೇ ಬಗ್ಗಿ ನಿಂತಳು. ನೀರು ಮೋರಿಯ ಕಡೆಗೆ ಹೋಗಬೇಕು. ಹೋಗಲಿಲ್ಲ. ಸ್ವಲ್ಪ ನಿಂತು, ಯೋಚಿಸಿದ ಹಾಗೆ ಮಾಡಿ, ಹೊಸ್ತಿಲ ಸಂದಿಯಿಂದ ಅಡುಗೆಮನೆಗೆ ಬಂದು ಒಲೆಯ ಬಾಯಿಗೆ ಹೋಯಿತು. ಬೆಂಕಿ ಚುಂಯ್ ಎಂದಿತು.

“ಇಲ್ಲಿ ನೋಡ್ರಿ ಜರಾ.”

ಅಪ್ಪ ನೋಡಿದ. “ಒಂದ್ ಪರಸಿ ಸರದದ. ಎತ್ತಿ ಕುಂದ್ರಸ್ತೀನಿ.”

ಎತ್ತಿದ, ಕೆಳಗೆ ಚೂರು ತುರುಕಿ ಮಟ್ಟ ಮಾಡಿದ. ಮರುವಾರ ಮತ್ತೆ ನೀರು ಒಲೆಗೆ ಬಂತು. ಮತ್ತೆ ಎತ್ತಿದ. ಆಮೇಲೆ ಪಡಸಾಲೆಯ ಪರಸಿ ಅಲುಗಾಡತೊಡಗಿತು, ಮೇಲೆ ಕಾಲಿಟ್ಟರೆ ಟಕ್ ಟಕ್. ಆಮೇಲೆ ಬಾಗಿಲು ಹಾಕಿದರೆ ಕೂಡಲಿಲ್ಲ. ಅಪ್ಪ ಹಗಲೆಲ್ಲ ನೆಲ ಎತ್ತುವುದು, ತುಂಬುವುದು, ಮತ್ತೆ ಹಾಸುವುದು. ಚಿತ್ತಾಪುರದ ಶಾಲೆ ಶುರುವಾಗಿತ್ತು. ನನ್ನ ಅಂಗಿ ದರ್ಜಿಯಲ್ಲೇ ಇತ್ತು. ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದ್ದರೂ ಹೋಗಲು ಕಾಲು ಬರುತ್ತಿರಲಿಲ್ಲ, ಅಪ್ಪ ಒಬ್ಬನೇ ಪರಸಿ ಎತ್ತುವುದನ್ನು ನೋಡುತ್ತ.

ಜಗಲಿಯ ಗೋಡೆ ಮತ್ತು ಹೊಸ ಗೋಡೆ ಕೂಡುವಲ್ಲಿ ಮೊದಲು ಕೂದಲೆಳೆಯಷ್ಟು ಸೀಳು ಕಂಡಿತು. ಆಮೇಲೆ ನಿಂಗಿ ಅದರಲ್ಲಿ ಬೆರಳು ತೂರಿಸಿ ಆಡಿದಳು. ಆಮೇಲೆ ಕೈಯೇ ಹೋಯಿತು. ಗಾಳಿ ಬರುತ್ತದೆಂದು ಅವ್ವ ಹಳೆಯ ಸೀರೆ ತುರುಕಿದಳು. ಅದರಲ್ಲಿ ಚೇಳು ಮನೆ ಮಾಡಿಕೊಂಡವು. ಜಗಲಿ ತನ್ನ ಬಂಡೆಯ ಮೇಲೆ ಅಲುಗಾಡದೆ ನಿಂತಿತ್ತು. ಉಳಿದ ಮನೆ ಅದರಿಂದ ಕಳಚಿಕೊಂಡು ಕೆಳಗೆ ಹೋಗುತ್ತಿತ್ತು. ಆಯಿಯ ದೀಪ ಇಡುವ ಮಾಡ ಮೊದಲು ನನ್ನ ಎದೆಯ ಮಟ್ಟಕ್ಕಿತ್ತು. ನಾನು ಬೆಳೆಯುವ ವಯಸ್ಸಿನವನು; ಆದರೂ ಆ ಮಾಡ ನನ್ನ ಗದ್ದಕ್ಕೆ ಬಂತು. ಅವ್ವ ಅಪ್ಪನಿಗೆ ಹೇಳುವುದನ್ನೇ ಬಿಟ್ಟಳು. ಒಲೆಯನ್ನು ಹೊರಗೆ ಓಣಿಯ ಗುಡಿಸಲಿಗೆ ಒಯ್ದಳು. ಅಪ್ಪ ಅದನ್ನು ನೋಡಿಯೂ ನೋಡದವನಂತೆ ದಾಟಿಹೋದ. ಒಂದು ದಿನ ಮಾತ್ರ ತಾಟು ನೂಕಿ ಎದ್ದ.

“ಮನ್ಯಾಗ ಒಲಿ ಇರಲಾರದಂಗ ಮಾಡೀದಿ. ಮಂದಿ ಏನಂತಾರ?”

“ಮಂದಿ ಅನ್ನೂದು ಮುಗದದ. ಒಳಗ ನಿಂಗಿ ಮಲಗ್ತಾಳ, ಅದರದು ಹೇಳ್ರಿ.”

ಅಪ್ಪ ಹಾರಿ ಎತ್ತಿಕೊಂಡು ಪರಸಿ ಮೀಟಲು ಹೋದ. ಆ ದಿನದಿಂದ ನಿಂಗಿಯೂ ಅವ್ವನೂ ಗುಡಿಸಲಿನಲ್ಲಿ ಮಲಗಿದರು. ನಾನು ಅಪ್ಪನ ಬಳಿ, ಆ ಬಾಗಿದ ಪಡಸಾಲೆಯಲ್ಲೇ. ಮಲಗಿದರೆ ತಲೆಗಿಂತ ಕಾಲು ಮೇಲೆ.

ಶ್ರಾವಣದಲ್ಲಿ ಕಾಗಿಣಾ ತುಂಬಿ ಬಂತು. ನೀರು ಮೇಲಿನಿಂದ ಬರಲಿಲ್ಲ, ಖಣಿಯಿಂದ ಖಣಿಗೆ ಕೆಳಗಿಂದಲೇ ಬಂತು. ನಮ್ಮ ಹಿಂದಿನ ತಗ್ಗು ಕೆಂಪು ನೀರಿನಿಂದ ತುಂಬಿತು. ಮಧ್ಯಾಹ್ನ. ನಾನು ಎಮ್ಮೆಯನ್ನು ಹೊರಗೆ ಕಟ್ಟಲು ಬಿಚ್ಚಿಕೊಂಡು ಬಂದಿದ್ದೆ. ಅಪ್ಪ ಒಳಗೆ ಅಡುಗೆಮನೆಯ ಗೋಡೆಗೆ ಕಟ್ಟಿಗೆಯ ಆನಿಕೆ ಕೊಡುತ್ತಿದ್ದ. ಆಯಿ ಜಗಲಿಯಲ್ಲಿ. ಮೊದಲು ಒಂದು ಸದ್ದು, ಯಾರೋ ರಾಶಿ ತಾಟುಗಳನ್ನು ಜಾರಿಸಿದ ಹಾಗೆ. ಬಚ್ಚಲ ಗೋಡೆ ಹೊರಗೆ ಬೀಳಲಿಲ್ಲ, ನಿಂತಲ್ಲೇ ನೆಲದೊಳಗೆ ಕೂತಿತು. ಅದರ ಮೇಲಿನ ಮಾಳಿಗೆಯ ಪರಸಿ ಆಸರೆ ತಪ್ಪಿ ಜಾರಿತು, ಅದನ್ನು ಹಿಡಿದು ಇನ್ನೊಂದು, ಅದನ್ನು ಹಿಡಿದು ಮತ್ತೊಂದು. ಅವ್ವ “ಯಪ್ಪಾ, ಅವರು ಒಳಗದಾರ” ಎಂದು ಓಡಿದಳು. ನಾನು ಅವಳ ಸೀರೆ ಹಿಡಿದು ಎಳೆದೆ. ಧೂಳು ಎದ್ದು ಓಣಿ ಕಾಣದಾಯಿತು. ನಿಂಗಿ ಬಾಯಿ ತೆಗೆದಿದ್ದಳು, ಅಳು ಹೊರಗೆ ಬಂದಿರಲಿಲ್ಲ. ಓಣಿಯವರು ಬಂದರು, ಖಾಜಾಸಾಬ ಹಾರಿ ಹಿಡಿದು ಓಡಿ ಬಂದ, ಆದರೆ ಎಲ್ಲಿ ಮೀಟಬೇಕು ಎಂದು ಅವನಿಗೂ ತಿಳಿಯಲಿಲ್ಲ.

ಧೂಳು ಇಳಿದಾಗ ಮನೆ ಇದ್ದಲ್ಲಿ ಕಲ್ಲಿನ ಗುಡ್ಡೆ, ಮೂಲೆಯಲ್ಲಿ ಜಗಲಿ. ಜಗಲಿಯ ಅರ್ಧ ಗೋಡೆಯ ಮಗ್ಗುಲಲ್ಲಿ, ಆಯಿಯ ತೊಡೆಗೆ ತಲೆ ಆನಿಸಿ, ಅಪ್ಪ ಕುಳಿತಿದ್ದ. ಮೊದಲ ಸದ್ದಿಗೇ ಅವನು ಬಾಗಿಲ ಕಡೆ ಓಡದೆ ತಾಯಿಯ ಕಡೆ ಓಡಿದ್ದ. ಮೈತುಂಬ ಬಿಳಿ ಪುಡಿ. ಆಯಿ ಅವನ ತಲೆಯ ಪುಡಿ ಕೊಡವುತ್ತ ಹೇಳಿದಳು.

“ನೋಡಿದ್ಯಾ ಸಾಬ್ಯಾ? ಗಂಗವ್ವ ನಿಂತಾಳ.”

ಅಪ್ಪ ತಲೆ ಎತ್ತದೆ ಅಂದ: “ಗಂಗವ್ವ ನಿಂತಾಳ ಯವ್ವಾ, ಮನಿ ಬಿತ್ತು. ಆಕಿನೂ ನಮ್ಮ ಜೋಡಿ ಕೆಳಗ ಇಳದಿದ್ರ ಎಲ್ಲಾರೂ ಕೂಡೇ ಇಳೀತಿದ್ವಿ, ಸೀಳತಿದ್ದಿಲ್ಲ.”

ಅವ್ವ ಅದನ್ನು ಕೇಳಿ ನಕ್ಕಳು. ಓಣಿಯ ಮಂದಿಯ ಎದುರು ಬಿದ್ದು ಬಿದ್ದು ನಕ್ಕಳು. ಆಮೇಲೆ ಅದು ನಗುವಾಗಿರಲಿಲ್ಲ.

ಕಲ್ಲು ಮಾರಿ ಬಂದ ದುಡ್ಡು ಮನೆ ಕಟ್ಟಿದ್ದಕ್ಕೂ ಆ ವರ್ಷದ ಜೋಳಕ್ಕೂ ಹೋಗಿತ್ತು. ಇನ್ನೊಮ್ಮೆ ಕಟ್ಟುವ ಮಾತನ್ನು ಯಾರೂ ಎತ್ತಲಿಲ್ಲ. ಅಪ್ಪ ಶಹಾಬಾದದ ಒಂದು ಕಲ್ಲಿನ ಅಂಗಳಕ್ಕೆ ಹೋಗಿ ನಿಂತ, ನಾನು ಅವನ ಮಗ್ಗುಲಲ್ಲಿ ನಿಂತೆ. ಅವನಿಗೆ ಹೊರುವ ಕೆಲಸ, ನನಗೆ ಪಾಲಿಶ್ ಮಿಷನ್ನಿಗೆ ನೀರು ಹಿಡಿಯುವ ಕೆಲಸ. ಮೊದಲ ದಿನ ಊಟದ ಶೀಟಿ ಹೊಡೆದಾಗ ಎಲ್ಲರೂ ಬುತ್ತಿ ಬಿಚ್ಚಿದರು. ಅಪ್ಪ ಬಿಚ್ಚಲಿಲ್ಲ. ಶೀಟಿ ಮತ್ತೆ ಹೊಡೆದು ಎಲ್ಲರೂ ಎದ್ದ ಮೇಲೆ, ಕಲ್ಲು ಹೊತ್ತು ಹೋಗುತ್ತ, ಮಡಚಿದ ರೊಟ್ಟಿಯನ್ನು ನಡೆಯುತ್ತಲೇ ತಿಂದ. ಎಷ್ಟು ವರ್ಷ ಅಲ್ಲಿ ದುಡಿದನೋ ಅಷ್ಟೂ ವರ್ಷ ಹಾಗೇ ತಿಂದ. ಕೆಲಸ ನೋಡುವ ಮುಕದ್ದಮ ಬೈಯುತ್ತಿದ್ದ, ಅಪ್ಪನಿಗೆ ಕೇಳುತ್ತಿರಲಿಲ್ಲ. ಆ ಅಪ್ಪನನ್ನು ನೋಡಿ ನಾನು ಕಲಿತದ್ದು ಬಹಳ, ಒಳ್ಳೆಯದೆಷ್ಟೋ ಕೆಟ್ಟದ್ದೆಷ್ಟೋ ಬೇರ್ಪಡಿಸಲು ಬಂದಿಲ್ಲ. ಯಾರ ಮುಂದೆಯೂ ನಾನು ಕೈ ಒಡ್ಡಿಲ್ಲ. ಯಾರ ಮಾತನ್ನೂ ಸಮಯಕ್ಕೆ ಕೇಳಿಯೂ ಇಲ್ಲ.

ಆಯಿ ಶಹಾಬಾದಕ್ಕೆ ಬರಲಿಲ್ಲ. ಜಗಲಿಯ ಮೂಲೆಯಲ್ಲೇ ಗುಬ್ಬಿಯ ಹಾಗೆ ಇದ್ದಳು, ಖಾಜಾಸಾಬನ ಮನೆಯಿಂದ ಬಂದದ್ದು ಉಂಡು. ವಾರಕ್ಕೊಮ್ಮೆ ನಾನು ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ. ಪ್ರತಿ ಸಲ ಒಂದೇ ಪ್ರಶ್ನೆ.

“ನಿಮ್ಮಪ್ಪ ಮನಿ ಯಾವಾಗ ಎಬ್ಬಸ್ತಾನಂತ?”

“ಎಬ್ಬಸ್ತಾನ ಆಯಿ.”

“ಜಲ್ದಿ ಹೇಳು. ನಾ ಎಷ್ಟಂತ ಕಾಯಲಿ ಇಲ್ಲಿ?”

ದಸರೆಯ ಮೊದಲೇ ಹೋದಳು. ಹರಿಗೋಲು ಹಳೆಯದಾಗಿ ಸೋರುತ್ತಿತ್ತು. ಅಪ್ಪ ತಾನೇ ಹುಟ್ಟು ಹಾಕಿದ, ನಾನು ನೀರು ಎತ್ತಿ ಚೆಲ್ಲುತ್ತ ಕುಳಿತೆ. ಆಚೆ ದಂಡೆಯ ಎರೆಮಣ್ಣು ಗುದ್ದಲಿಗೆ ಬೆಣ್ಣೆಯ ಹಾಗೆ ಬಂತು. ಆಳುದ್ದ ತೋಡಿದ ಮೇಲೂ ಅಪ್ಪ ತೋಡುವುದನ್ನು ನಿಲ್ಲಿಸಲಿಲ್ಲ. ಖಾಜಾಸಾಬ ಇಳಿದು ಅವನ ಕೈಯಿಂದ ಗುದ್ದಲಿ ಕಿತ್ತುಕೊಳ್ಳಬೇಕಾಯಿತು.

ಕರಿಗುಂಟಾ ಆಮೇಲೆ ಬಹಳ ವರ್ಷ ಉಳಿಯಲಿಲ್ಲ. ನಮ್ಮ ಮನೆ ಬಿದ್ದದ್ದನ್ನು ನೋಡಿಯೂ ಇನ್ನೂ ಎರಡು ಮೂರು ಮನೆಯವರು ಬಿಚ್ಚಿದರು. ಕಲ್ಲು ಮುಗಿದಿತ್ತು, ಬೇರೆ ಏನಿತ್ತು? ಅವರು ಮತ್ತೆ ಕಟ್ಟುವ ಆಸೆ ಮಾತ್ರ ಮಾಡಲಿಲ್ಲ, ಎಬ್ಬಿಸಿ ಮಾರಿ ಎದ್ದುಹೋದರು. ಓಣಿಗಳು ತಗ್ಗಾದವು, ತಗ್ಗುಗಳು ಒಂದಾದವು. ಈಗ ನಾನಿರುವ ವಾಡಿಯಿಂದ ಕೆಲಸಕ್ಕೆ ಹೋಗುವಾಗ ದೂರದಿಂದ ಕಾಣುತ್ತದೆ, ಹಸಿರು ನೀರಿನ ಒಂದು ದೊಡ್ಡ ಹೊಂಡ. ಎಮ್ಮೆಗಳು ಬಿದ್ದುಕೊಂಡಿರುತ್ತವೆ. ಜೊತೆಯವರಿಗೆ ಇಲ್ಲಿ ಊರಿತ್ತು ಎಂದು ಹೇಳಿದರೆ, ಎಲ್ಲಿ, ಎನ್ನುತ್ತಾರೆ. ಬೆರಳು ತೋರಿಸಲು ಒಂದು ಗೋಡೆ ಬೇಕಲ್ಲ.

ನಾನು ಪಾಲಿಶ್ ಬಿಟ್ಟು ಗೌಂಡಿಯಾದೆ. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲ ಕಡೆ ಮನೆ ಕಟ್ಟಿದ್ದೇನೆ. ಮಾಲೀಕರು ಸಾಕು ಸಾಕು ಎಂದರೂ ನಾನು ಪಾಯಾ ಇಳಿಸುತ್ತೇನೆ. ಕೆಲವರು ಸಿಟ್ಟಾಗಿ ನನ್ನನ್ನು ಬಿಟ್ಟು ಬೇರೆಯವರನ್ನು ಕರೆದಿದ್ದಾರೆ. ಕರೆಯಲಿ. ನಾನು ಕಟ್ಟಿದ್ದು ಒಂದೂ ಬಾಗಿಲ್ಲ. ನನಗಾಗಿ ಜಾಗ ನೋಡಿದ್ದೂ ಉಂಟು. ಒಂದು ಜಾಗದ ಮಣ್ಣು ಕೈಯಲ್ಲಿ ಹಿಡಿದು ಬೇಡವೆಂದೆ. ಇನ್ನೊಂದರಲ್ಲಿ ಗುದ್ದಲಿ ಹಾಕಿದವನು ಸಂಜೆಗೆ ತಗ್ಗು ಮುಚ್ಚಿ ಬಂದೆ. ಯಾಕೆ ಎಂದು ಹೆಂಡತಿ ಕೇಳಿದಳು, ನಾನು ಗುದ್ದಲಿ ತೊಳೆದು ಮೂಲೆಗಿಟ್ಟೆ. ಅಪ್ಪ ಆ ಹೊತ್ತಿಗೆ ತೀರಿಕೊಂಡಿದ್ದ. ಅವ್ವ ಇದ್ದಾಳೆ. ಸೊಂಟ ಬಾಗಿದೆ, ಮಾತು ಬಾಗಿಲ್ಲ.

“ಊರ ಮಂದಿಗೆಲ್ಲ ಮನಿ ಕಟ್ಟೋ ಗೌಂಡಿ ಅಂತ. ತಾಯಿ ಮಾತ್ರ ಮಂದಿ ಮನ್ಯಾಗ.”

“ಕಟ್ತೀನಿ ಯವ್ವಾ.”

“ನಿಮ್ಮಪ್ಪನೂ ಹಂಗೇ ಅಂತಿದ್ದ. ಅಂವ ಕಟ್ಟಿ ಕೆಡಸ್ದ, ನೀ ಕಟ್ಟಲಾರದೇ ಕೆಡಸ್ದಿ.”

ನನ್ನಲ್ಲಿ ಇರುವುದನ್ನು ಹೇಳುತ್ತೇನೆ. ವಾಡಿ ಸ್ಟೇಷನ್ನಿನ ಹಿಂದೆ ಬಾಡಿಗೆಯ ಎರಡು ಕೋಣೆ. ಅವ್ವ, ಹೆಂಡತಿ. ಮದುವೆ ಮಾಡಿ ಚಿಮ್ಮನಚೋಡಕ್ಕೆ ಕೊಟ್ಟ ಒಬ್ಬ ಮಗಳು, ಕಾಲೇಜಿಗೆ ಹೋಗುವ ಇನ್ನೊಬ್ಬಳು. ಕರಣಿ ಎರಡು, ರಸಮಟ್ಟ ಒಂದು, ಕಿಕ್ ಹೊಡೆದರೆ ಮೂರನೆಯದಕ್ಕೆ ಶುರುವಾಗುವ ಗಾಡಿ ಒಂದು. ಇಷ್ಟು ವರ್ಷದ ಕೆಲಸಕ್ಕೆ ಸವೆದು ಪೂರ್ತಿ ಮೇಲೆ ಏಳದ ಎಡಗೈ. ಊರು ಇಲ್ಲ. ಮನೆ ಇಲ್ಲ.